ಡಚ್ ಚಿತ್ರಶಾಲೆಗಳೂ ದಖನ್ನಿನ ಚಿತ್ರಗಾರರೂ

ಕ್ರಿ. ಶ. 2019ನೆಯ ಅಕ್ಟೋಬರ್ ತಿಂಗಳಲ್ಲಿ ಮುಂಬಯಿಯ ಛತ್ರಪತಿ ಶಿವಾಜಿ ಮಹಾರಾಜ ವಸ್ತುಸಂಗ್ರಹಾಲಯದಲ್ಲಿ ‘ರೆಂಬ್ರಾಂಟನ ಯುಗದಲ್ಲಿ ಭಾರತ ಮತ್ತು ನೆದರ್ಲೆಂಡ್ಸ್’ ಎಂಬ ಅರ್ಥದ ಹೆಸರುಳ್ಳ ಪ್ರದರ್ಶನವೊಂದು ಏರ್ಪಟ್ಟಿತು. ಆಮ್‌ಸ್ಟರ್‌ಡಾಮ್ ನಗರದ ರೈಕ್ಸ್ ಮ್ಯೂಸಿಯಮ್ಮಿನ ಸಹಕಾರದಿಂದ ನಡೆದ ಈ ಪ್ರದರ್ಶನದಲ್ಲಿ ಹದಿನೇಳನೆಯ ಶತಮಾನದ ಡಚ್ ಕಲಾಕೃತಿಗಳನ್ನೂ ಅದೇ ಕಾಲದ ಭಾರತೀಯ ಕೃತಿಗಳನ್ನೂ ಒಂದೇ ಸೂರಿನಡಿ ನೋಡುವ ಅವಕಾಶ ದೊರೆಯಿತು. ಅದಕ್ಕೆ ಮುನ್ನ, 2018ರಲ್ಲಿ, ಅಮೆರಿಕದ ಲಾಸ್ ಏಂಜಲಿಸ್ ನಗರದ ಗೆಟ್ಟಿ ಸಂಗ್ರಹಾಲಯವು ರೆಂಬ್ರಾಂಟನು ಭಾರತದ ಕಿರುಚಿತ್ರಗಳನ್ನು ನೋಡಿ ಬರೆದ ರೇಖಾಚಿತ್ರಗಳನ್ನು ಒಂದುಗೂಡಿಸಿ ತೋರಿಸಿತ್ತು. 2015ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಸಂಗ್ರಹಾಲಯವು 1500ರಿಂದ 1700ರವರೆಗಿನ ದಖನ್ನಿನ ಸುಲ್ತಾನರ ಕಾಲದ ಕಲೆಗೇ ಮೀಸಲಾದ ದೊಡ್ಡ ಪ್ರದರ್ಶನವನ್ನು ನಡೆಸಿತ್ತು. ಐದು ವರ್ಷಗಳೊಳಗೆ ಮೂರು ಮಹಾನಗರಗಳಲ್ಲಿ ನಡೆದ ಈ ಮೂರು ಪ್ರದರ್ಶನಗಳೂ ಬೇರೆ ಬೇರೆ ದಿಕ್ಕುಗಳಿಂದ ಒಂದೇ ವಿಷಯದ ಕಡೆಗೆ ಬೆರಳು ತೋರಿದವು. ಡಚ್ಚರ ಹಳೆಯ ವರ್ಣಚಿತ್ರಗಳೆಂದರೆ ದೂರದ ಯಾವುದೋ ಶೀತದೇಶದ ಗೃಹಕೃತ್ಯದ ಚಿತ್ರಗಳೆಂಬ ಭಾವನೆ ಸಾಮಾನ್ಯವಾಗಿ ಉಂಟು. ಆದರೆ ಆ ಚಿತ್ರಶಾಲೆಗಳಿಗೂ ಬಿಜಾಪುರ ಗೋಲ್ಕೊಂಡಗಳ ಚಿತ್ರಶಾಲೆಗಳಿಗೂ ನಡುವೆ ಜನ ಹೋಗಿಬಂದಿದ್ದಾರೆ, ಸರಕು ಹೋಗಿಬಂದಿದೆ, ಚಿತ್ರಗಳೂ ಹೋಗಿಬಂದಿವೆ.

ಬೀದರ, ಕಲಬುರ್ಗಿ, ರಾಯಚೂರು ಜಿಲ್ಲೆಗಳು 1956ರವರೆಗೆ ಹೈದರಾಬಾದ್ ಸಂಸ್ಥಾನದೊಳಗೇ, ಅದು ರಾಜ್ಯವಾದ ಮೇಲೆ ಆ ರಾಜ್ಯದೊಳಗೇ, ಇದ್ದುವು. ಆ ಕಡೆಯಿಂದಲೂ ಬಿಜಾಪುರದ ಕಡೆಯಿಂದಲೂ ಬಂದು ಮೂಸಿಯ ದಂಡೆಯ ಈ ನಗರದಲ್ಲಿ ನೆಲೆಸಿದ ಕನ್ನಡಿಗರಿಗೆ ಆದಿಲಶಾಹಿ, ಬರೀದಶಾಹಿ, ಕುತುಬಶಾಹಿಗಳ ಇತಿಹಾಸ ಪರಕೀಯವಲ್ಲ. ಆದುದರಿಂದ ಡಚ್ ಚಿತ್ರಕಲೆಯ ಪ್ರದರ್ಶನವೊಂದನ್ನು ಅವರು ಯಾವ ದೃಷ್ಟಿಯಿಂದ ನೋಡಬಹುದು, ಅದರಲ್ಲಿ ತಮ್ಮದೆಂಬುದನ್ನು ಎಲ್ಲಿ ಗುರುತಿಸಬಹುದು ಎಂಬುದು ವಿಚಾರಾರ್ಹವಾದ ವಿಷಯ.

ಡಚ್ ಚಿತ್ರಕಲೆಯ ಹಿನ್ನೆಲೆ

ಹದಿನಾರನೆಯ ಶತಮಾನದ ಕೊನೆಯ ಭಾಗದಲ್ಲಿ ಸ್ಪೇನಿನ ಅರಸರ ಆಳ್ವಿಕೆಯನ್ನು ಧಿಕ್ಕರಿಸಿ ಉತ್ತರ ನೆದರ್ಲೆಂಡಿನ ಏಳು ಪ್ರಾಂತಗಳು ಗಣರಾಜ್ಯವಾಗಿ ನಿಂತವು. ಅಲ್ಲಿ ಪ್ರಬಲವಾದ ಕಾಲ್ವಿನ್ ಪಂಥವು ಚರ್ಚುಗಳಲ್ಲಿ ಚಿತ್ರಗಳನ್ನೂ ವಿಗ್ರಹಗಳನ್ನೂ ಇಡಲೊಪ್ಪಲಿಲ್ಲ. ಇಟಲಿಯಲ್ಲಿಯೂ ಸ್ಪೇನಿನಲ್ಲಿಯೂ ಚಿತ್ರಗಾರನಿಗೆ ಅನ್ನ ಕೊಡುತ್ತಿದ್ದವರು ಧರ್ಮಪೀಠ ಮತ್ತು ಅರಮನೆ. ಡಚ್ ನಾಡಿನಲ್ಲಿ ಮೊದಲನೆಯದು ಇಲ್ಲವಾಯಿತು, ಎರಡನೆಯದು ದುರ್ಬಲವಾಗಿತ್ತು. ಆಗ ಚಿತ್ರಗಾರನು ಮುಖ ಮಾಡಿದ್ದು ವರ್ತಕನ ಕಡೆಗೆ, ಮದ್ಯ ತಯಾರಿಸುವವನ ಕಡೆಗೆ, ಹಡಗಿನ ಒಡೆಯನ ಕಡೆಗೆ. ಇವರು ಮನೆಯ ಗೋಡೆಗೆ ತೂಗುಹಾಕಲು ತಕ್ಕ ಗಾತ್ರದ ಚಿತ್ರಗಳನ್ನು ಕೊಂಡರು. ಹಬ್ಬದ ಸಂತೆಗಳಲ್ಲಿಯೂ ಚಿತ್ರಗಳು ಮಾರಾಟವಾದುವು. ಊರಿನ ಮುಖಂಡರ ಭಾವಚಿತ್ರ, ಮೋಡ ಕವಿದ ಬಯಲಿನ ನೋಟ, ಅಡಿಗೆಮನೆಯ ಹೆಂಗಸು, ಮೇಜಿನ ಮೇಲಿನ ಹಣ್ಣುಹಂಪಲು ಮತ್ತು ಪಾತ್ರೆ—ಇವೆಲ್ಲ ಸ್ವತಂತ್ರವಾದ ವಸ್ತುಗಳಾಗಿ ಬೆಳೆದದ್ದು ಹೀಗೆ.

ಈ ಚಿತ್ರಗಳ ಮಾಧ್ಯಮ ತೈಲವರ್ಣ. ಅಗಸೆ ಎಣ್ಣೆಯಂಥ ಒಣಗುವ ಎಣ್ಣೆಯಲ್ಲಿ ಬಣ್ಣದ ಪುಡಿಯನ್ನು ಅರೆದು, ಮರದ ಹಲಗೆಯ ಮೇಲೆ ಅಥವಾ ಬಿಗಿದ ಬಟ್ಟೆಯ ಮೇಲೆ ಪದರಪದರವಾಗಿ ಹಚ್ಚುವುದು ಇದರ ಕ್ರಮ. ಕೆಳಗಿನ ಪದರ ಮೇಲಿನ ತೆಳುಪದರದ ಮೂಲಕ ಕಾಣುವುದರಿಂದ ನೆರಳಿಗೆ ಆಳವೂ ಬೆಳಕಿಗೆ ಹೊಳಪೂ ಬರುತ್ತವೆ. ದಖನ್ನಿನ ಚಿತ್ರಗಾರನ ಮಾಧ್ಯಮ ಇದಕ್ಕಿಂತ ಭಿನ್ನ. ಅವನು ಗೋಂದು ಬೆರೆಸಿದ ನೀರುಬಣ್ಣವನ್ನು ಕಾಗದದ ಮೇಲೆ ಹಚ್ಚಿ, ಹಾಳೆಯನ್ನು ಕಲ್ಲಿನಿಂದ ಉಜ್ಜಿ ನಯಗೊಳಿಸಿ, ಕೊನೆಗೆ ಚಿನ್ನವನ್ನು ಲೇಪಿಸುತ್ತಿದ್ದನು. ಡಚ್ ಚಿತ್ರವನ್ನು ಗೋಡೆಯ ಮೇಲೆ, ನಾಲ್ಕು ಹೆಜ್ಜೆ ದೂರದಿಂದ, ಹಲವರು ಕೂಡಿ ನೋಡುತ್ತಾರೆ. ದಖನ್ನಿನ ಚಿತ್ರವನ್ನು ಗ್ರಂಥದ ಪುಟದಂತೆ ಕೈಯಲ್ಲಿ ಹಿಡಿದು ಒಬ್ಬನೇ ನೋಡುತ್ತಾನೆ. ಪ್ರದರ್ಶನಶಾಲೆಯಲ್ಲಿ ಎರಡನ್ನೂ ಒಂದೇ ಎತ್ತರದಲ್ಲಿ ತೂಗುಹಾಕಿದಾಗ ಈ ವ್ಯತ್ಯಾಸ ಮರೆಯಾಗಿಬಿಡುತ್ತದೆ. ಪ್ರೇಕ್ಷಕನು ಅದನ್ನು ನೆನಪಿನಲ್ಲಿಟ್ಟುಕೊಂಡೇ ನೋಡಬೇಕು.

ಚಿತ್ರಗಳೊಳಗೆ ಸೇರಿದ ಸರಕು

ಡಚ್ ವರ್ತಕರ ಈಸ್ಟ್ ಇಂಡಿಯಾ ಕಂಪನಿ ಸ್ಥಾಪಿತವಾದುದು 1602ರಲ್ಲಿ. ಮರಾಠಿಯ ಹಳೆಯ ದಾಖಲೆಗಳು ‘ವಲಂದೇಜ’ರೆಂದು ಕರೆಯುವ ಈ ಜನ 1606ರ ವೇಳೆಗಾಗಲೇ ಗೋಲ್ಕೊಂಡದ ಸುಲ್ತಾನನ ಅಪ್ಪಣೆ ಪಡೆದು ಮಚಲೀಪಟ್ಟಣದಲ್ಲಿ ಕೋಠಿ ತೆರೆದಿದ್ದರು. 1637ರಲ್ಲಿ ಬಿಜಾಪುರದ ಆಳ್ವಿಕೆಗೆ ಸೇರಿದ್ದ ವೆಂಗುರ್ಲೆಯಲ್ಲಿ ಇನ್ನೊಂದು ಕೋಠಿ ಪ್ರಾರಂಭವಾಯಿತು. ಅದೇ ವರ್ಷ ಯೋಹಾನ್ ವಾನ್ ಟ್ವಿಸ್ಟ್ ಎಂಬವನು ಕಂಪನಿಯ ರಾಯಭಾರಿಯಾಗಿ ಬಿಜಾಪುರಕ್ಕೆ ಬಂದನು. ಹದಿನೇಳನೆಯ ಶತಮಾನದ ಉತ್ತರಾರ್ಧದಲ್ಲಿ ಗೋಲ್ಕೊಂಡ ರಾಜಧಾನಿಯಲ್ಲಿಯೇ ಕಂಪನಿಯ ಕಚೇರಿ ಇದ್ದಿತು.

ಇವರು ಕೊಂಡೊಯ್ದ ಸರಕುಗಳಲ್ಲಿ ಮುಖ್ಯವಾದುದು ಬಟ್ಟೆ. ಚಾಯ್ ಬೇರಿನ ಕೆಂಪು, ನೀಲಿಯ ಬಣ್ಣ, ಪಟಿಕದ ಕಟ್ಟು—ಇವುಗಳಿಂದ ತೊಳೆದರೂ ಬಿಡದ ಬಣ್ಣವನ್ನು ಹತ್ತಿಬಟ್ಟೆಗೆ ಹಿಡಿಸುವ ವಿದ್ಯೆ ಕೋರಮಂಡಲ ತೀರದ ಕಲಂಕಾರಿಯವರಿಗೆ ತಿಳಿದಿತ್ತು, ಯುರೋಪಿಗೆ ತಿಳಿದಿರಲಿಲ್ಲ. ಗೋಲ್ಕೊಂಡ ರಾಜ್ಯದ ಕೊಲ್ಲೂರು ಮುಂತಾದ ಗಣಿಗಳ ವಜ್ರಗಳು ಆಮ್‌ಸ್ಟರ್‌ಡಾಮಿನ ಸಾಣೆಗಾರರ ಕೈ ಸೇರಿದುವು. ಕರಾವಳಿಯ ಕರಿಮೆಣಸಿನ ಖ್ಯಾತಿಯಂತೂ ಇದಕ್ಕಿಂತ ಹಳೆಯದು. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಎಂದೇ ಕರೆಯುತ್ತಿದ್ದರು.

ಡಚ್ಚರ ಸ್ತಬ್ಧವಸ್ತು ಚಿತ್ರಗಳನ್ನು ಸಾವಕಾಶವಾಗಿ ನೋಡಿದರೆ ಈ ವ್ಯಾಪಾರದ ಗುರುತು ಸಿಕ್ಕುತ್ತದೆ. ಹಾರ್ಲೆಮ್ ಊರಿನ ಪೀಟರ್ ಕ್ಲಾಸ್, ವಿಲ್ಲೆಮ್ ಕ್ಲಾಸ್ ಹೇಡ ಮೊದಲಾದವರ ಚಿತ್ರಗಳಲ್ಲಿ ಬೆಳ್ಳಿಯ ತಟ್ಟೆ, ಅರ್ಧ ಸುಲಿದ ನಿಂಬೆಹಣ್ಣು, ಮದ್ಯದ ಬಟ್ಟಲುಗಳ ನಡುವೆ ಹಳೆಯ ಪಂಚಾಂಗದ ಹಾಳೆಯನ್ನು ಸುರುಳಿ ಸುತ್ತಿ ಮಾಡಿದ ಪೊಟ್ಟಣವೊಂದು ಕೆಲವು ಸಲ ಕಾಣುತ್ತದೆ. ಅದರ ಬಾಯಿಂದ ಕರಿಮೆಣಸಿನ ಕಾಳುಗಳು ಮೇಜಿನ ಮೇಲೆ ಚೆಲ್ಲಿವೆ. ಕನ್ನಡ ನಾಡಿನ ಅಂಗಡಿಗಳಲ್ಲಿಯೂ ನೆಲಗಡಲೆಯನ್ನು ಇದೇ ಬಗೆಯ ಪೊಟ್ಟಣದಲ್ಲಿ ಕಟ್ಟಿ ಕೊಡುತ್ತಿದ್ದರು. ಹಾರ್ಲೆಮಿನ ಮೇಜಿನ ಮೇಲೆ ಅದು ಸಿರಿವಂತಿಕೆಯ ಕುರುಹಾಗಿತ್ತು.

ಬಿಜಾಪುರದಲ್ಲಿ ಹಾರ್ಲೆಮಿನ ಚಿತ್ರಗಾರ

ಇದೇ ಹಾರ್ಲೆಮ್ ಊರಿನ, ಹೇಡ ಎಂಬ ಹೆಸರಿನವನೇ ಆದ ಮತ್ತೊಬ್ಬ ಚಿತ್ರಗಾರ ಕರ್ನಾಟಕದ ಇತಿಹಾಸಕ್ಕೆ ನೇರವಾಗಿ ಸಂಬಂಧಿಸಿದವನು. ಅವನು ಕಾರ್ನೆಲಿಸ್ ಕ್ಲಾಸ್ ಹೇಡ. ಪ್ರಾಗ್ ನಗರದಲ್ಲಿ ಕಲಾಪೋಷಕನೆಂದು ಹೆಸರಾದ ಚಕ್ರವರ್ತಿ ಎರಡನೆಯ ರುಡಾಲ್ಫನ ಆಸ್ಥಾನದ ಪರಿಚಯ ಪಡೆದಿದ್ದ ಈತ, ಪರ್ಷಿಯದ ಷಾಹನ ಸೇವೆಯನ್ನು ಬಯಸಿ ಪೂರ್ವದೇಶಕ್ಕೆ ಹೊರಟನು. ಪೋರ್ಚುಗೀಸರ ಕೈಗೆ ಸಿಕ್ಕಿ ಗೋವೆಯನ್ನು ಮುಟ್ಟಿ, ಅಲ್ಲಿಂದ ಸುಮಾರು 1610ರ ವೇಳೆಗೆ ಬಿಜಾಪುರಕ್ಕೆ ಬಂದು ಎರಡನೆಯ ಇಬ್ರಾಹಿಂ ಆದಿಲಶಾಹನ ಆಸ್ಥಾನ ಚಿತ್ರಗಾರನಾದನು. ಹತ್ತು ವರ್ಷಗಳಿಗೂ ಮೀರಿ ಅಲ್ಲಿಯೇ ಇದ್ದು ಅಲ್ಲಿಯೇ ಕಾಲವಾದನು.

ಇಬ್ರಾಹಿಂ ಆದಿಲಶಾಹ (ಆಳ್ವಿಕೆ 1580–1627) ಕನ್ನಡ ವಾಚಕರಿಗೆ ಅಪರಿಚಿತನಲ್ಲ. ‘ಕಿತಾಬ್-ಎ-ನೌರಸ್’ ಎಂಬ ಗೇಯಕೃತಿಯಲ್ಲಿ ಗಣಪತಿಯನ್ನೂ ಸರಸ್ವತಿಯನ್ನೂ ಸ್ತುತಿಸಿದವನು, ಜಗದ್ಗುರುವೆಂಬ ಹೆಸರಿನಿಂದ ಪ್ರಸಿದ್ಧನಾದವನು ಅವನೇ. 1599ರಲ್ಲಿ ಅವನು ಬಿಜಾಪುರದ ಪಶ್ಚಿಮಕ್ಕೆ ನೌರಸಪುರವೆಂಬ ಹೊಸ ನಗರವನ್ನು ಕಟ್ಟಲಾರಂಭಿಸಿದನು. 1624ರಲ್ಲಿ ಮಲಿಕ್ ಅಂಬರನ ಸೈನ್ಯ ಅದನ್ನು ಕೊಳ್ಳೆಹೊಡೆಯಿತು. ಆ ನಗರದ ಅವಶೇಷಗಳು ಇರುವುದು ತೊರವಿಯ ಬಳಿ, ಎಂದರೆ ಕುಮಾರವಾಲ್ಮೀಕಿಯ ರಾಮಾಯಣಕ್ಕೆ ಹೆಸರು ಕೊಟ್ಟ ತೊರವೆಯ ಬಳಿ. ಕನ್ನಡ ಕಾವ್ಯವೊಂದು ಹುಟ್ಟಿದ ನೆಲದ ನೆರೆಯಲ್ಲಿಯೇ ಸುಲ್ತಾನನ ಹೊಸ ನಗರ ಏಳುತ್ತಿದ್ದ ಕಾಲದಲ್ಲಿ ಹಾರ್ಲೆಮಿನವನೊಬ್ಬ ಆ ಸುಲ್ತಾನನಿಗಾಗಿ ಚಿತ್ರ ಬರೆಯುತ್ತಿದ್ದನೆಂಬುದು ಕರ್ನಾಟಕದ ಸಾಂಸ್ಕೃತಿಕ ಇತಿಹಾಸದಲ್ಲಿ ಇನ್ನೂ ಸಲ್ಲಬೇಕಾದಷ್ಟು ಗಮನ ಪಡೆಯದ ಸಂಗತಿ.

ಹೇಡನು ಡಚ್ ಕಂಪನಿಯ ವರ್ತಕರಿಗೆ ಬರೆದ ಕಾಗದಗಳು ಕಂಪನಿಯ ದಫ್ತರಗಳಲ್ಲಿ ಉಳಿದುಕೊಂಡುವು. ಅವನು ಚಿತ್ರಗಾರನಷ್ಟೇ ಆಗಿರದೆ ಆಸ್ಥಾನಕ್ಕೂ ತನ್ನ ದೇಶದವರಿಗೂ ನಡುವೆ ಸುದ್ದಿ ಮುಟ್ಟಿಸುವ ಮಧ್ಯಸ್ಥನೂ ಆಗಿದ್ದನೆಂಬುದು ಅವುಗಳಿಂದ ತಿಳಿಯುತ್ತದೆ. ಡೆಬೊರಾ ಹಟ್ಟನ್ ಮತ್ತು ರೆಬೆಕ್ಕ ಟಕ್ಕರ್ ಎಂಬ ವಿದುಷಿಯರು ಈ ಕಾಗದಗಳನ್ನು ಆಧರಿಸಿ 2014ರಲ್ಲಿ ಅವನ ಜೀವನವನ್ನು ವಿವೇಚಿಸಿದರು. ಆದರೆ ಇಷ್ಟೆಲ್ಲ ತಿಳಿದಿರುವ ಈ ಚಿತ್ರಗಾರನದೆಂದು ನಿಶ್ಚಯವಾಗಿ ಹೇಳಬಹುದಾದ ಒಂದು ಚಿತ್ರವೂ ಇಂದು ಉಳಿದಿಲ್ಲ. ಅವನು ಸುಲ್ತಾನನಿಗೆ ಬರೆದುಕೊಟ್ಟ ತೈಲಚಿತ್ರಗಳು ಬಿಜಾಪುರದ ಅರಮನೆಗಳೊಡನೆ ಹಾಳಾಗಿರಬೇಕು. ಬಿಜಾಪುರದ ಪೂರ್ವಕ್ಕಿರುವ ಕುಮಟಗಿಯ ಜಲಮಂದಿರದ ಗೋಡೆಗಳ ಮೇಲಿನ ಮಸುಕಾದ ವರ್ಣಚಿತ್ರಗಳಲ್ಲಿ ಯುರೋಪಿಯನ್ ಉಡುಪಿನ ಆಕೃತಿಗಳನ್ನು ಗುರುತಿಸಿದವರುಂಟು. ಅಷ್ಟರಿಂದಲೇ ಅವನ್ನು ಹೇಡನ ಕೈಬರಹವೆನ್ನಲಾಗದು.

ಗೋಲ್ಕೊಂಡದ ಭಾವಚಿತ್ರಗಳು

ಬಿಜಾಪುರಕ್ಕೆ ಡಚ್ ಚಿತ್ರಗಾರ ಬಂದರೆ, ಗೋಲ್ಕೊಂಡದಿಂದ ಚಿತ್ರಗಳೇ ಡಚ್ ನಾಡಿಗೆ ಹೋದುವು. ಕುತುಬಶಾಹಿಯ ಕೊನೆಯ ಅರಸನಾದ ಅಬುಲ್ ಹಸನ್ ತಾನಾಶಾಹನ ಕಾಲದಲ್ಲಿ (1672–1687) ಗೋಲ್ಕೊಂಡದ ಚಿತ್ರಗಾರರು ಮೊಗಲ ಬಾದಶಹರು, ಬಿಜಾಪುರ ಗೋಲ್ಕೊಂಡಗಳ ಸುಲ್ತಾನರು, ಮಂತ್ರಿಗಳು, ಸರದಾರರು—ಇವರ ಭಾವಚಿತ್ರಗಳ ಮಾಲೆಗಳನ್ನು ಯುರೋಪಿನ ವರ್ತಕರಿಗೆ ಮಾರಾಟಕ್ಕಾಗಿ ಬರೆಯತೊಡಗಿದರು. ಅರಸರ ಗ್ರಂಥಭಂಡಾರಕ್ಕಾಗಿ ವರ್ಷಗಟ್ಟಲೆ ದುಡಿದು ಮಾಡಿದ ಚಿತ್ರಗಳಿಗಿಂತ ಇವು ಸರಳ. ಒಂದೇ ವ್ಯಕ್ತಿಯ ಚಿತ್ರ ಹಲವು ಮಾಲೆಗಳಲ್ಲಿ ಅದೇ ಭಂಗಿಯಲ್ಲಿ ಬರುತ್ತದೆ. ಒಂದು ಮಾದರಿಯನ್ನು ಇಟ್ಟುಕೊಂಡು ಹಲವು ಪ್ರತಿಗಳನ್ನು ತೆಗೆಯುತ್ತಿದ್ದರೆಂಬುದು ಇದರಿಂದ ಸ್ಪಷ್ಟ.

ಇವುಗಳಲ್ಲಿ ಬಹು ಪ್ರಸಿದ್ಧವಾದುದು ಆಮ್‌ಸ್ಟರ್‌ಡಾಮಿನ ರೈಕ್ಸ್ ಮ್ಯೂಸಿಯಮ್ಮಿನಲ್ಲಿರುವ ‘ವಿಟ್ಸೆನ್ ಆಲ್ಬಮ್’. ಸುಮಾರು 1686ರ ವೇಳೆಗೆ ಸಿದ್ಧವಾದ ಈ ಸಂಪುಟದಲ್ಲಿ 49 ಭಾವಚಿತ್ರಗಳಿವೆ. ಇದರ ಒಡೆಯನಾಗಿದ್ದ ನಿಕೊಲಾಸ್ ವಿಟ್ಸೆನ್ (1641–1717) ಹದಿಮೂರು ಬಾರಿ ಆಮ್‌ಸ್ಟರ್‌ಡಾಮಿನ ನಗರಾಧ್ಯಕ್ಷನಾಗಿದ್ದವನು, ಡಚ್ ಕಂಪನಿಯ ಆಡಳಿತಗಾರರಲ್ಲಿ ಒಬ್ಬನು, 1692ರಲ್ಲಿ ಉತ್ತರ ಮತ್ತು ಪೂರ್ವ ತಾರ್ತರಿ ದೇಶಗಳನ್ನು ಕುರಿತು ದೊಡ್ಡ ಗ್ರಂಥ ಪ್ರಕಟಿಸಿದವನು. ಅವನ ಸಂಗ್ರಹ 1728ರಲ್ಲಿ ಹರಾಜಾಯಿತು. ಸಂಪುಟದಲ್ಲಿರುವ ಶಿವಾಜಿಯ ಭಾವಚಿತ್ರ ಭಾರತೀಯರಿಗೆ ವಿಶೇಷ ಬೆಲೆಯುಳ್ಳದ್ದು. 1677ರಲ್ಲಿ ಶಿವಾಜಿ ಹೈದರಾಬಾದಿಗೆ ಬಂದು ತಾನಾಶಾಹನನ್ನು ಕಂಡಿದ್ದನು. ಗೋಲ್ಕೊಂಡದಲ್ಲಿ ಬರೆದ ಅವನ ಚಿತ್ರಗಳಿಗೆ ಆ ಭೇಟಿಯ ಕಾಲದಲ್ಲಿ ಕಣ್ಣಾರೆ ಕಂಡವರ ನೆನಪು ಆಧಾರವಾಗಿರುವ ಸಂಭವವುಂಟು.

ಇಂಥ ಚಿತ್ರಗಳು ಡಚ್ ಗ್ರಂಥಗಳಿಗೂ ಇಳಿದುವು. ಕೋರಮಂಡಲದಲ್ಲಿ ಹಲವು ವರ್ಷ ಕಂಪನಿಯ ಸೇವೆಯಲ್ಲಿದ್ದ ಡೇನಿಯಲ್ ಹಾವಾರ್ಟ್ 1693ರಲ್ಲಿ ಆ ತೀರದ ಏಳುಬೀಳುಗಳನ್ನು ಕುರಿತ ಗ್ರಂಥವನ್ನು ಅಚ್ಚು ಹಾಕಿಸಿದನು. ತಾನಾಶಾಹನ ಮಂತ್ರಿಗಳಾಗಿದ್ದು 1686ರಲ್ಲಿ ಕೊಲೆಯಾದ ಅಕ್ಕಣ್ಣ ಮಾದಣ್ಣರ ಮುಖಗಳು ಅದರೊಳಗೆ ತಾಮ್ರಫಲಕದ ಅಚ್ಚುಗಳಾಗಿ ಕಾಣಿಸಿಕೊಂಡುವು. ಫ್ರಾನ್ಸ್ವಾ ವಾಲೆಂಟೈನನು 1724ರಿಂದ 1726ರವರೆಗೆ ಪ್ರಕಟಿಸಿದ ಬೃಹದ್ಗ್ರಂಥದಲ್ಲಿಯೂ ಭಾರತದ ಅರಸರ ಇಂಥ ಚಿತ್ರಗಳಿವೆ. ಬಿಜಾಪುರ 1686ರಲ್ಲಿ, ಗೋಲ್ಕೊಂಡ 1687ರಲ್ಲಿ ಔರಂಗಜೇಬನ ವಶವಾದುವು. ಅಳಿದ ರಾಜ್ಯಗಳ ಮುಖಗಳು ಉಳಿದುದರಲ್ಲಿ ಈ ಮಾರಾಟದ ಚಿತ್ರಗಳ ಪಾಲು ದೊಡ್ಡದು.

ರೆಂಬ್ರಾಂಟನ ರೇಖೆಗಳು

ಡಚ್ ಚಿತ್ರಗಾರರು ಭಾರತದ ಚಿತ್ರಗಳನ್ನು ಕುತೂಹಲದ ಸಾಮಗ್ರಿಯೆಂದಷ್ಟೇ ನೋಡಿದರೆಂದು ತಿಳಿಯಬೇಕಾಗಿಲ್ಲ. ರೆಂಬ್ರಾಂಟ್ (1606–1669) ಸುಮಾರು 1656ರಿಂದ 1661ರವರೆಗಿನ ಅವಧಿಯಲ್ಲಿ ಮೊಗಲ ಶೈಲಿಯ ಕಿರುಚಿತ್ರಗಳನ್ನು ಮುಂದಿಟ್ಟುಕೊಂಡು ರೇಖಾಚಿತ್ರಗಳನ್ನು ಬರೆದನು. ಅವುಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಇಂದಿಗೂ ಉಳಿದಿವೆ. 1747ರಲ್ಲಿ ಲಂಡನ್ನಿನಲ್ಲಿ ಚಿತ್ರಗಾರ ಜೊನಾಥನ್ ರಿಚರ್ಡ್‌ಸನ್ನನ ಸಂಗ್ರಹ ಹರಾಜಾದಾಗ ಇಂಥ 25 ಚಿತ್ರಗಳ ಪುಸ್ತಕವೊಂದರ ಉಲ್ಲೇಖ ಬರುತ್ತದೆ. ರೆಂಬ್ರಾಂಟ್ ದಿವಾಳಿಯಾದ 1656ರಲ್ಲಿ ಅವನ ಮನೆಯ ಸಾಮಾನುಗಳನ್ನು ಪಟ್ಟಿ ಮಾಡಿದ ಅಧಿಕಾರಿಗಳು ಕಿರುಚಿತ್ರಗಳ ಒಂದು ಪುಸ್ತಕವನ್ನೂ ನಮೂದಿಸಿದ್ದಾರೆ. ಅದು ಭಾರತದ್ದಾಗಿರಬಹುದೆಂದು ಹಲವರ ಊಹೆ.

ಈ ರೇಖಾಚಿತ್ರಗಳಿಗೆ ಅವನು ಬಳಸಿದ್ದು ಪೂರ್ವದೇಶದಿಂದ ಬಂದ ಬೆಲೆಬಾಳುವ ಕಾಗದ. ಷಹಜಹಾನನು ನಿಂತಿರುವ ಪಾರ್ಶ್ವಭಂಗಿ, ಜಾಮೆಯ ಮಡಿಕೆ, ಪಟಕದ ತುದಿ, ಪಾದರಕ್ಷೆಯ ಮೊನೆ—ಇವುಗಳನ್ನು ಅವನು ಸೂಕ್ಷ್ಮವಾಗಿ ಅನುಸರಿಸಿದ್ದಾನೆ. ಆದರೆ ಮೂಲದಲ್ಲಿಲ್ಲದ ನೆರಳನ್ನು ತೆಳುವಾದ ಕಂದುಬಣ್ಣದಿಂದ ಸೇರಿಸಿ ಆಕೃತಿಯನ್ನು ನೆಲದ ಮೇಲೆ ಊರಿ ನಿಲ್ಲಿಸಿದ್ದಾನೆ. ಒಂದು ಕಲೆ ಮತ್ತೊಂದನ್ನು ಓದಿದ ಬಗೆ ಇಲ್ಲಿ ಕಾಣುತ್ತದೆ. ನಾಲ್ವರು ಮುಲ್ಲಾಗಳು ಮರದಡಿಯಲ್ಲಿ ಕುಳಿತಿರುವ ಚಿತ್ರದ ಪ್ರತಿ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ. ಅದರ ಮೂಲ ವಿಯೆನ್ನದ ಷೋನ್‌ಬ್ರುನ್ ಅರಮನೆಯ ಕೋಣೆಯೊಂದರ ಗೋಡೆಗೆ ಅಂಟಿಸಿದ ಕಿರುಚಿತ್ರಗಳ ನಡುವೆ ಇದೆ. 1656ರಲ್ಲಿ ಅಬ್ರಹಾಮನು ದೇವದೂತರನ್ನು ಉಪಚರಿಸುವ ಬೈಬಲಿನ ಪ್ರಸಂಗವನ್ನು ರೆಂಬ್ರಾಂಟ್ ಅಚ್ಚಿನ ಚಿತ್ರವಾಗಿ ಕೊರೆದಾಗ ಅತಿಥಿಗಳನ್ನು ಮೇಜಿನ ಸುತ್ತ ಕೂರಿಸದೆ ನೆಲದ ಮೇಲೆಯೇ ಕೂರಿಸಿದನು. ಈ ವಿನ್ಯಾಸಕ್ಕೆ ಆ ಮುಲ್ಲಾಗಳ ಚಿತ್ರವೇ ಪ್ರೇರಣೆಯೆಂದು ವಿದ್ವಾಂಸರ ಮತ.

ಈ ಕೊಡುಕೊಳುವಿಕೆ ಅಲ್ಲಿಗೇ ಮೊದಲಾದುದಲ್ಲ. 1580ರಲ್ಲಿ ಜೆಸುಯಿಟ್ ಪಾದ್ರಿಗಳು ಆಂಟ್ವರ್ಪಿನಲ್ಲಿ ಅಚ್ಚಾದ ಸಚಿತ್ರ ಬೈಬಲನ್ನು ಅಕ್ಬರನಿಗೆ ಒಪ್ಪಿಸಿದಂದಿನಿಂದ ಫ್ಲೆಮಿಷ್ ಅಚ್ಚಿನ ಚಿತ್ರಗಳು ಭಾರತದ ಚಿತ್ರಶಾಲೆಗಳಿಗೆ ಪರಿಚಿತವಾಗಿದ್ದುವು. ಮಾರ್ಟೆನ್ ಡಿ ವೋಸ್ ರಚಿಸಿದ, 1591ರ ಅಚ್ಚಿನ ಮುದುಕನ ಚಿತ್ರವೊಂದನ್ನು ಅನುಸರಿಸಿ ಫರ್ರುಖ್ ಬೇಗನು 1615ರಲ್ಲಿ ಮೊಗಲ ಆಸ್ಥಾನದಲ್ಲಿ ಒಬ್ಬ ವೃದ್ಧನನ್ನು ಬರೆದನು. ಇವನೂ ಇಬ್ರಾಹಿಂ ಆದಿಲಶಾಹನ ಆಸ್ಥಾನದ ಫರ್ರುಖ್ ಹುಸೇನನೂ ಒಬ್ಬನೇ ಎಂದು ರಾಬರ್ಟ್ ಸ್ಕೆಲ್ಟನ್ 1957ರಲ್ಲಿ ವಾದಿಸಿದುದನ್ನು ಅನೇಕರು ಒಪ್ಪಿದ್ದಾರೆ. ಹೀಗೆ ರೆಂಬ್ರಾಂಟನು ಭಾರತದ್ದೆಂದು ನೋಡಿ ಕಲಿತ ಕಲೆಯಲ್ಲಿ ಅವನ ನೆರೆನಾಡಿನ ಪಾಠಗಳೂ ಆಗಲೇ ಬೆರೆತಿದ್ದುವು.

ಹೆಸರಿನ ಪ್ರಶ್ನೆ

ಈ ಸಂಗತಿಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ವಿಪರ್ಯಾಸ ಕಾಣುತ್ತದೆ. ಬಿಜಾಪುರದಲ್ಲಿ ದುಡಿದ ಹಾರ್ಲೆಮಿನ ಚಿತ್ರಗಾರನ ಹೆಸರು ಉಳಿದಿದೆ, ಚಿತ್ರ ಉಳಿದಿಲ್ಲ. ಆಮ್‌ಸ್ಟರ್‌ಡಾಮಿಗೆ ಹೋದ ಗೋಲ್ಕೊಂಡದ 49 ಚಿತ್ರಗಳು ಉಳಿದಿವೆ, ಅವುಗಳನ್ನು ಬರೆದವರ ಹೆಸರು ಉಳಿದಿಲ್ಲ. ಅರಸನ ಹೆಸರು, ಕೊಂಡವನ ಹೆಸರು, ಹರಾಜಿನ ವರ್ಷ ಎಲ್ಲವೂ ತಿಳಿದಿರುವ ಚಿತ್ರದ ಕೆಳಗೆ ಪ್ರದರ್ಶನದ ಚೀಟಿ ‘ಗೋಲ್ಕೊಂಡ’ ಎಂದು ಊರನ್ನು ಹೆಸರಿಸಿ ಸುಮ್ಮನಾಗುತ್ತದೆ. ಪಕ್ಕದ ಡಚ್ ಚಿತ್ರದ ಕೆಳಗಾದರೋ ಚಿತ್ರಗಾರನ ಹೆಸರು, ಹುಟ್ಟಿದ ವರ್ಷ, ಸತ್ತ ವರ್ಷ ಎಲ್ಲವೂ ಇರುತ್ತವೆ. ನೋಡುವವರ ಮನಸ್ಸಿನಲ್ಲಿ ಇದು ಒಂದು ತಪ್ಪು ತೀರ್ಮಾನವನ್ನು ಬೇರೂರಿಸಬಹುದು: ಅಲ್ಲಿ ಕಲಾವಿದರಿದ್ದರು, ಇಲ್ಲಿ ಕಸುಬಿನವರು ಮಾತ್ರ ಇದ್ದರು ಎಂದು.

ಈ ತೀರ್ಮಾನ ಸರಿಯಲ್ಲವೆಂಬುದಕ್ಕೆ ದಖನ್ನಿನಲ್ಲಿಯೇ ಸಾಕ್ಷ್ಯವಿದೆ. ಆದಿಲಶಾಹಿಯ ಒಂಬತ್ತು ಅರಸರನ್ನೂ ಒಂದೇ ಪುಟದಲ್ಲಿ ಕೂರಿಸಿ, ಬಿಜಾಪುರದ ಕೊನೆಯ ದಿನಗಳಲ್ಲಿ, ಸುಮಾರು 1680ರಲ್ಲಿ ಬರೆದ ‘ಬಿಜಾಪುರದ ಮನೆತನ’ ಎಂಬ ಚಿತ್ರ ಈಗ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಸಂಗ್ರಹಾಲಯದಲ್ಲಿದೆ. ಅದರ ಮೇಲೆ ಕಮಾಲ್ ಮಹಮ್ಮದ್, ಚಾಂದ್ ಮಹಮ್ಮದ್ ಎಂಬ ಇಬ್ಬರು ಚಿತ್ರಗಾರರ ಹೆಸರುಗಳಿವೆ. ಆಸ್ಥಾನದ ಆಶ್ರಯದಲ್ಲಿ ಬರೆದಾಗ ಹೆಸರು ಹಾಕುವ ಪದ್ಧತಿ ಇತ್ತು. ಪೇಟೆಗಾಗಿ ಬರೆದಾಗ ಅದು ಬಿಟ್ಟುಹೋಯಿತು. ಡಚ್ ನಾಡಿನಲ್ಲಾದುದು ಇದರ ತದ್ವಿರುದ್ಧ. ಅಲ್ಲಿ ಪೇಟೆಯೇ ಹೆಸರನ್ನು ಬಯಸಿತು, ಏಕೆಂದರೆ ಹೆಸರಿಗೆ ಬೆಲೆ ಇತ್ತು.

ಅಲ್ಲದೆ ಅಲ್ಲಿ ಹೆಸರುಗಳನ್ನು ಕಾಪಾಡುವ ದಫ್ತರಗಳಿದ್ದುವು. ಊರೂರಿನಲ್ಲಿಯೂ ಸಂತ ಲ್ಯೂಕನ ಹೆಸರಿನ ಚಿತ್ರಗಾರರ ಶ್ರೇಣಿ ಇದ್ದು, ಸದಸ್ಯರ ಹೆಸರು ಅದರ ಪುಸ್ತಕಕ್ಕೆ ಏರುತ್ತಿತ್ತು. ಡೆಲ್ಫ್ಟ್ ಊರಿನ ವರ್ಮೀರ್ (1632–1675) 1653ರ ಡಿಸೆಂಬರಿನಲ್ಲಿ ಆ ಊರಿನ ಶ್ರೇಣಿಯನ್ನು ಸೇರಿದನೆಂಬುದು ಹೀಗೆ ತಿಳಿದುಬಂದುದು. ಸತ್ತ ಮೇಲೆ ಸುಮಾರು ಇನ್ನೂರು ವರ್ಷ ವರ್ಮೀರನ ಹೆಸರನ್ನು ಲೋಕ ಹೆಚ್ಚುಕಡಿಮೆ ಮರೆತಿತ್ತು; ಅವನ ಚಿತ್ರಗಳು ಬೇರೆಯವರ ಹೆಸರಿನಲ್ಲಿ ಮಾರಾಟವಾಗುತ್ತಿದ್ದುವು. 1866ರಲ್ಲಿ ಥೋರೆ ಎಂಬ ಫ್ರೆಂಚ್ ವಿಮರ್ಶಕ ಅವನನ್ನು ಮತ್ತೆ ಬೆಳಕಿಗೆ ತಂದನು. ಮುಂದಿನ ಸಂಶೋಧಕರು ಶ್ರೇಣಿಯ ಪುಸ್ತಕ, ಹರಾಜಿನ ಪಟ್ಟಿ, ಮನೆಯ ಸಾಮಾನಿನ ಪಟ್ಟಿಗಳನ್ನು ಹುಡುಕಿ ಅವನ ಬಾಳನ್ನು ಕಟ್ಟಿಕೊಟ್ಟರು. ಪ್ರತಿಭೆ ಎರಡೂ ಕಡೆ ಇತ್ತು. ಮರೆತವರನ್ನು ಮತ್ತೆ ಹುಡುಕಲು ಬೇಕಾದ ಕಾಗದ ಒಂದು ಕಡೆ ಮಾತ್ರ ಉಳಿಯಿತು.

ಹೈದರಾಬಾದಿನಲ್ಲಿ ಆಗಬಹುದಾದ ಕೆಲಸ

ಕಾಚಿಗೂಡದಿಂದ ಮೂಸಿಯ ದಕ್ಷಿಣ ದಂಡೆಗೆ ದೂರವೇನೂ ಹೆಚ್ಚಿಲ್ಲ. ಮೂರನೆಯ ಸಾಲಾರ್ ಜಂಗ್ ಮೀರ್ ಯೂಸುಫ್ ಅಲಿ ಖಾನರ (1889–1949) ಸಂಗ್ರಹ 1951ರ ಡಿಸೆಂಬರ್ 16ರಂದು ದಿವಾನ್ ದೇವಡಿಯಲ್ಲಿ ಸಾರ್ವಜನಿಕ ವಸ್ತುಸಂಗ್ರಹಾಲಯವಾಗಿ, 1968ರಲ್ಲಿ ನದಿಯ ದಂಡೆಯ ಈಗಿನ ಕಟ್ಟಡಕ್ಕೆ ಬಂದಿತು. ಇಲ್ಲಿ ದಖನ್ನಿನ ಕಿರುಚಿತ್ರಗಳು ಭಾರತೀಯ ವಿಭಾಗದಲ್ಲಿಯೂ ಯುರೋಪಿನ ತೈಲಚಿತ್ರಗಳು ಪಾಶ್ಚಾತ್ಯ ವಿಭಾಗದಲ್ಲಿಯೂ ಇವೆ. ಆಡಳಿತದ ಅನುಕೂಲಕ್ಕಾಗಿ ಮಾಡಿದ ಈ ವಿಂಗಡಣೆ ಲೋಕದ ಎಲ್ಲ ಸಂಗ್ರಹಾಲಯಗಳಲ್ಲಿಯೂ ಇರುವಂಥದೇ. ಆದರೆ ಒಂದು ವಿಭಾಗದ ಚಿತ್ರವನ್ನು ಮನಸ್ಸಿನಲ್ಲಿಟ್ಟುಕೊಂಡು ಇನ್ನೊಂದಕ್ಕೆ ನಡೆದುಹೋದರೆ, ಎಣ್ಣೆಯ ಬಣ್ಣದ ನೆರಳಿಗೂ ಗೋಂದಿನ ಬಣ್ಣದ ಹೊಳಪಿಗೂ ಇರುವ ಅಂತರ ಕಣ್ಣಿಗೆ ಕಟ್ಟುತ್ತದೆ. ರೆಂಬ್ರಾಂಟನು ಎದುರಿಸಿದ ಸಮಸ್ಯೆ ಏನೆಂಬುದೂ ತಿಳಿಯುತ್ತದೆ. ಇದೇ ನಗರದಲ್ಲಿ 1976ರಲ್ಲಿ ಸ್ಥಾಪಿತವಾದ ಜಗದೀಶ್ ಮತ್ತು ಕಮಲಾ ಮಿತ್ತಲ್ ಭಾರತೀಯ ಕಲಾ ಸಂಗ್ರಹಾಲಯವೂ ದಖನ್ನಿನ ಚಿತ್ರಗಳಿಗಾಗಿ ಪ್ರಸಿದ್ಧವಾಗಿದೆ.

ನೋಡುವುದಕ್ಕಿಂತ ಹೆಚ್ಚಿನದಾದ ಇನ್ನೊಂದು ಕೆಲಸವೂ ಉಳಿದಿದೆ. ಡಚ್ ಕಂಪನಿಯ ದಾಖಲೆಗಳನ್ನು 2003ರಲ್ಲಿ ಯುನೆಸ್ಕೊ ಸಂಸ್ಥೆ ವಿಶ್ವಸ್ಮೃತಿಯ ಪಟ್ಟಿಗೆ ಸೇರಿಸಿತು. ಅವುಗಳ ಮುಖ್ಯ ಭಾಗ ಹೇಗ್ ನಗರದ ರಾಷ್ಟ್ರೀಯ ದಫ್ತರಖಾನೆಯಲ್ಲಿದೆ. ಡಚ್ ಕಾಗದಪತ್ರಗಳ ಒಂದು ಭಾಗ ಚೆನ್ನೈಯಲ್ಲಿಯೇ, ತಮಿಳುನಾಡಿನ ದಫ್ತರಖಾನೆಯಲ್ಲಿ ಇದೆ. ಬಿಜಾಪುರದ ಆಸ್ಥಾನ, ಗೋಲ್ಕೊಂಡದ ಪೇಟೆ, ಕೆಳದಿಯ ನಾಯಕರೊಡನೆ ನಡೆದ ಅಕ್ಕಿ ಮೆಣಸುಗಳ ವ್ಯಾಪಾರ—ಇವುಗಳನ್ನು ಕುರಿತ ವರದಿಗಳು ಕಂಪನಿಯ ಕಡತಗಳಲ್ಲಿ ಅಡಗಿವೆ. ಕರ್ನಾಟಕದ ಇತಿಹಾಸವನ್ನು ಬರೆದವರು ಶಾಸನಗಳನ್ನೂ ಕಾವ್ಯಗಳನ್ನೂ ಬಹು ಶ್ರದ್ಧೆಯಿಂದ ಬಳಸಿದರು. ಪಾರಸಿ ತವಾರೀಖುಗಳನ್ನು ಕೆಲಮಟ್ಟಿಗೆ ಬಳಸಿದರು. ಹದಿನೇಳನೆಯ ಶತಮಾನದ ಡಚ್ ಬರಹವನ್ನು ಮೂಲದಲ್ಲಿ ಓದಿ ಕನ್ನಡಕ್ಕೆ ತರುವ ಕೆಲಸ ಮಾತ್ರ ಇನ್ನೂ ನಿಂತ ನೆಲೆಯಲ್ಲಿಯೇ ಇದೆ ಎನ್ನಬೇಕು.

ಈ ಕೆಲಸಕ್ಕೆ ಹೈದರಾಬಾದಿನ ಕನ್ನಡಿಗರಿಗಿರುವ ಅನುಕೂಲ ಬೇರೆಡೆ ಇರುವವರಿಗೆ ಸುಲಭವಾಗಿ ದೊರೆಯದು. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ತೆಲುಗು ಮತ್ತು ದಖನಿ, ಹಿಂದಿನ ತಲೆಮಾರಿನವರಿಗೆ ಶಾಲೆಯಲ್ಲಿ ಕಲಿತ ಉರ್ದು, ಕೆಲವರಿಗೆ ಪಾರಸಿ—ಇಷ್ಟು ಭಾಷೆಗಳ ಬಳಕೆಯುಳ್ಳ ಮನೆಗಳಿಂದ ಇಬ್ಬರು ಮೂವರು ತರುಣರು ಡಚ್ ಭಾಷೆಯನ್ನೂ ಅದರ ಹಳೆಯ ಕೈಬರಹವನ್ನೂ ಕಲಿಯಲು ಮುಂದಾದರೆ, ಎರಡು ದಫ್ತರಗಳ ಸಾಕ್ಷ್ಯವನ್ನು ಒಂದಕ್ಕೊಂದು ಎದುರಿಟ್ಟು ಓದುವುದು ಸಾಧ್ಯವಾಗುತ್ತದೆ. ಕೊಂಡುಕೊಂಡ ಚಿತ್ರಗಳಿಗೆ ಕೊಟ್ಟ ಹಣದ ಲೆಕ್ಕವನ್ನು ವರ್ತಕನು ಬರೆಯದೆ ಬಿಡುವುದು ಅಪರೂಪ. ಅಂಥ ಲೆಕ್ಕದ ಯಾವುದಾದರೊಂದು ಸಾಲಿನಲ್ಲಿ, ಹಣ ಪಡೆದವನೆಂದು, ಗೋಲ್ಕೊಂಡದ ಒಬ್ಬ ಚಿತ್ರಗಾರನ ಹೆಸರು ಡಚ್ ಗುಮಾಸ್ತನ ಕಿವಿಗೆ ಕೇಳಿಸಿದ ರೂಪದಲ್ಲಿ ಕುಳಿತಿರುವುದು ಅಸಂಭವವಲ್ಲ. ಅಂಥದೊಂದು ಹೆಸರು ಸಿಕ್ಕಿದರೂ ಸಾಕು, ಮುಂದಿನ ಪ್ರದರ್ಶನದ ಚೀಟಿಯನ್ನು ಬೇರೆ ರೀತಿಯಲ್ಲಿ ಬರೆಯಬೇಕಾಗುತ್ತದೆ.